ಮಡಿಕೇರಿಯಿಂದ ಮಲ್ಪೆಗೆ, ಮಲ್ಪೆಯಿಂದ ದ್ವೀಪಕ್ಕೆ: ನಮ್ಮೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಕ್ಕನನ್ನು ಉಡುಪಿಗೆ ಕೊಟ್ಟು ಹದಿನಾರು ವರ್ಷ ಆಯಿತು. ಆಗಿನಿಂದ ವರ್ಷಕ್ಕೆ ಎರಡು ಸಲವಾದರೂ ನಾನು ಘಾಟಿ ಇಳಿಯುತ್ತೇನೆ. ಹಾಗಾಗಿ ಮಲ್ಪೆ, ಬೋಟು, ಸೇಂಟ್ ಮೇರೀಸ್ ದ್ವೀಪ ಅಂತ ಮಡಿಕೇರಿಯಲ್ಲಿ ಯಾರಿಗೆ ನೆನಪಾದರೂ ಫೋನು ಬರುವುದು ನನಗೇ. ಪಕ್ಕದ ಮನೆಯವರು, ತೋಟದ ರೈಟರ್, ಮಗಳ ಶಾಲೆಯ ಟೀಚರ್, ಶುಕ್ರವಾರದ ಸಂತೆಯಲ್ಲಿ ಸಿಗುವವರು, ಎಲ್ಲರದೂ ಹೆಚ್ಚುಕಮ್ಮಿ ಅವೇ ಪ್ರಶ್ನೆ. ಒಂದು ಕಡೆ ಬರೆದಿಟ್ಟರೆ ನನ್ನ ಗಂಟಲಿಗೂ ಒಳ್ಳೆಯದು.

ಮೊದಲೇ ಒಂದು ಮಾತು. ನಮ್ಮವರಲ್ಲಿ ಬಹಳ ಜನ ಮಲ್ಪೆಯನ್ನು ಬಸ್‌ಸ್ಟ್ಯಾಂಡ್ ಥರ ನೋಡುತ್ತಾರೆ. ಬಂದರು, ಬೋಟು ಹತ್ತಿದರು, ದ್ವೀಪ ನೋಡಿದರು, ಹೊರಟರು. ದ್ವೀಪ ಒಂದು ಗಂಟೆಯ ಮಾತು. ಊರಿಗೆ ಒಂದು ದಿನ ಕೊಡಿ ಅನ್ನುವವನು ನಾನು. ಕೆಳಗಿನ ಉತ್ತರಗಳಲ್ಲಿ ಆ ಪಕ್ಷಪಾತ ಇದ್ದೇ ಇದೆ.

ಮಲ್ಪೆ ಅಂದರೆ ಊರಾ, ಬೀಚಾ, ಬಂದರಾ?

ಮೂರೂ. ಉಡುಪಿಯಿಂದ ಪಶ್ಚಿಮಕ್ಕೆ 6 ಕಿ.ಮೀ. ಹೋದರೆ ಮಲ್ಪೆ ಪೇಟೆ. ಅಲ್ಲಿಂದ ಒಂದು ಕಡೆ ಮೀನುಗಾರಿಕಾ ಬಂದರು, ಇನ್ನೊಂದು ಕಡೆ ಬೀಚು. ಉದ್ಯಾವರ ಹೊಳೆ ಸಮುದ್ರ ಸೇರುವ ಅಳಿವೆಯ ಒಳಗೆ ಬೋಟುಗಳು ಗಾಳಿಗೆ ಸಿಗದೆ ನಿಲ್ಲುತ್ತವೆ. ಬಂದರು ಅಲ್ಲೇ ಬೆಳೆದದ್ದು ಅದಕ್ಕೇ. ಕರ್ನಾಟಕದ ದೊಡ್ಡ ಮೀನುಗಾರಿಕಾ ಬಂದರುಗಳಲ್ಲಿ ಇದೂ ಒಂದು.

ಬಂದರು ಬೇರೆ, ಬೀಚು ಬೇರೆ ಅನ್ನುವುದು ನೆನಪಿರಲಿ. ದ್ವೀಪದ ಬೋಟು ಎರಡೂ ಕಡೆಯಿಂದ ಹೊರಡುತ್ತದೆ. ಅಣ್ಣ ಬೀಚಲ್ಲಿ, ತಮ್ಮ ಬಂದರಲ್ಲಿ ನಿಂತು "ಎಲ್ಲಿದ್ದೀಯ?" ಅಂತ ಫೋನಲ್ಲಿ ಕಿರುಚಾಡಿದ ಸಂಸಾರ ನನಗೆ ಗೊತ್ತು. ನಮ್ಮದೇ.

ದ್ವೀಪ ಅಂದರೆ ನಮ್ಮ ನಿಸರ್ಗಧಾಮದ ಹಾಗಾ?

ಕುಶಾಲನಗರದ ಹತ್ತಿರದ ಕಾವೇರಿ ನಿಸರ್ಗಧಾಮವೂ ದ್ವೀಪವೇ, ಸರಿ. ಆದರೆ ಅಲ್ಲಿ ತೂಗುಸೇತುವೆ ಮೇಲೆ ನಡೆದರೆ ಆಯಿತು, ಆಚೆ ದಡ ಕಣ್ಣೆದುರೇ ಇರುತ್ತದೆ. ಬಿದಿರು ಮೆಳೆ, ನೆರಳು, ಜಿಂಕೆ, ಐಸ್‌ಕ್ರೀಂ.

ಸೇಂಟ್ ಮೇರೀಸ್ ಮಲ್ಪೆ ದಡದಿಂದ ಸುಮಾರು 6 ಕಿ.ಮೀ. ದೂರ, ಸಮುದ್ರದ ಒಳಗೆ. ಸೇತುವೆ ಇಲ್ಲ. ಅರ್ಧ ದಾರಿಯಲ್ಲಿ ಹಿಂದೆ ತಿರುಗಿದರೆ ತೆಂಗಿನ ಮರಗಳು ಹಸಿರು ಗೆರೆಯಾಗಿ ಕಾಣುತ್ತವೆ. ಮುಂದೆ ನೋಡಿದರೆ ದ್ವೀಪ ಇನ್ನೂ ಕಪ್ಪು ಗೆರೆ. ಮಡಿಕೇರಿ ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ನನಗೆ, ಆ "ಮಟ್ಟ" ಇಷ್ಟು ಅಲ್ಲಾಡುತ್ತದೆ ಅಂತ ಗೊತ್ತಾದದ್ದು ಅಲ್ಲೇ.

ಅದು ಒಂದು ದ್ವೀಪವೂ ಅಲ್ಲ, ಒಂದು ಸಾಲು. ಮುಖ್ಯವಾದವು ನಾಲ್ಕು: ತೆಂಗಿನ ದ್ವೀಪ, ಉತ್ತರ ದ್ವೀಪ, ದಕ್ಷಿಣ ದ್ವೀಪ, ದರಿಯಾ ಬಹಾದೂರ್‌ಗಡ. ಪ್ರವಾಸಿಗಳು ಇಳಿಯುವುದು ತೆಂಗಿನ ದ್ವೀಪದಲ್ಲಿ. ಸ್ಥಳೀಯರ ಬಾಯಲ್ಲಿ ಇದಕ್ಕೆ ತೋನ್ಸೆಪಾರ್ ಅನ್ನುವ ಹೆಸರೂ ಇದೆ.

ಯಾವ ತಿಂಗಳಲ್ಲಿ ಹೋಗಬೇಕು?

ನಮ್ಮವರಿಗೆ ಇದೇ ದೊಡ್ಡ ತಲೆನೋವು. ಕಾಫಿಯ ಲೆಕ್ಕವೂ ಸಮುದ್ರದ ಲೆಕ್ಕವೂ ಹೊಂದುವುದೇ ಇಲ್ಲ.

ಜೂನ್‌ನಿಂದ ಸೆಪ್ಟೆಂಬರ್ ತನಕ ನಮಗೆ ತೋಟದಲ್ಲಿ ಕೆಲಸ ಸ್ವಲ್ಪ ಕಡಿಮೆ, ಮಳೆ ನೋಡಿ ನೋಡಿ ಬೇಜಾರು, ಎಲ್ಲಿಗಾದರೂ ಹೋಗೋಣ ಅನಿಸುತ್ತದೆ. ಆಗ ಅಲ್ಲಿ ಸಮುದ್ರ ಬಂದ್. ಮೇ ಮಧ್ಯದ ಹೊತ್ತಿಗೆ ದ್ವೀಪದ ಬೋಟುಗಳು ನಿಲ್ಲುತ್ತವೆ. ಸೆಪ್ಟೆಂಬರ್ ಕಳೆದು ಅಲೆ ಇಳಿದ ಮೇಲೆ ಮತ್ತೆ ಶುರು. ಅಲ್ಲಿ ಬೋಟು ಸಲೀಸಾಗಿ ಓಡುವ ಡಿಸೆಂಬರ್, ಜನವರಿಯಲ್ಲಿ ನಮಗೆ ಅರೇಬಿಕಾ ಕುಯ್ಲು. ಅದು ಮುಗಿಯುವಷ್ಟರಲ್ಲಿ ರೊಬಸ್ಟಾ. ಅದೂ ಮುಗಿಯಿತು ಅನ್ನುವಾಗ ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬರುತ್ತದಾ ಇಲ್ಲವಾ ಅಂತ ಆಕಾಶ ನೋಡುತ್ತಾ ಸ್ಪ್ರಿಂಕ್ಲರ್ ಪೈಪು ಎಳೆಯುವುದು.

ಉಳಿದದ್ದು ಎರಡು ಕಿಂಡಿ. ಒಂದು, ಮಡಿಕೇರಿ ದಸರಾ, ತಲಕಾವೇರಿ ತೀರ್ಥೋದ್ಭವ ಎರಡೂ ಮುಗಿದ ಮೇಲೆ, ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಮುಂಚೆ. ಅಂದರೆ ಅಕ್ಟೋಬರ್ ಕೊನೆ ಮತ್ತು ನವೆಂಬರ್. ನನ್ನ ವೋಟು ಇದಕ್ಕೆ. ಮಳೆ ತೊಳೆದು ಹೋದ ಆಕಾಶ, ಸೆಕೆ ಅಷ್ಟಿಲ್ಲ, ಮೀನೂ ಚೆನ್ನಾಗಿ ಸಿಗುತ್ತದೆ. ಇನ್ನೊಂದು, ಹೂಮಳೆ ಆಗಿ ನೆಮ್ಮದಿ ಸಿಕ್ಕ ಮೇಲೆ ಏಪ್ರಿಲ್. ಮಕ್ಕಳಿಗೆ ರಜೆ ಇರುತ್ತದೆ ಅಂತ ಎಲ್ಲರೂ ಆಗಲೇ ಹೊರಡುತ್ತಾರೆ. ಹೋಗಿ, ಆದರೆ ಸೆಕೆಗೆ ತಯಾರಾಗಿ ಹೋಗಿ. ನಮ್ಮ ಸೆಕೆ ಸೆಕೆಯೇ ಅಲ್ಲ. ಅಲ್ಲಿ ಸ್ನಾನ ಮಾಡಿ ಟವಲ್ ಇಡುವ ಮೊದಲೇ ಬೆವರು.

ಸಮಸಂಖ್ಯೆಯ ವರ್ಷಗಳಲ್ಲಿ ಜನವರಿ 18ರ ಆಸುಪಾಸು ಉಡುಪಿಯಲ್ಲಿ ಪರ್ಯಾಯ, ಅಂದರೆ ಕೃಷ್ಣನ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ. ಅದನ್ನು ನೋಡಲೆಂದೇ ಹೋಗುವುದಾದರೆ ಸರಿ, ದ್ವೀಪಕ್ಕೆ ಅಂತ ಆ ವಾರ ಹೊರಡಬೇಡಿ. ರೂಮೂ ಸಿಗಲ್ಲ, ಗಾಡಿ ನಿಲ್ಲಿಸಲು ಜಾಗವೂ ಸಿಗಲ್ಲ.

ಮಳೆಗಾಲದಲ್ಲಿ ಹೋದರೆ ಏನಾಗುತ್ತದೆ?

ಏನಾಗುತ್ತದೆ ಅಂದರೆ, ನನಗೆ ಆದದ್ದೇ ಆಗುತ್ತದೆ. ಅಕ್ಕನ ಮದುವೆಯಾದ ಮರುವರ್ಷ ಜೂನ್ ಎರಡನೇ ವಾರ, ಯಾರನ್ನೂ ಕೇಳದೆ, ಎಂಟು ಜನರನ್ನು ಒಂದು ಜೀಪಿಗೆ ತುಂಬಿಕೊಂಡು ಹೋಗಿದ್ದೆ. ಬುಕ್ ಮಾಡಿದ ಲಾಡ್ಜಿನವರು ದುಡ್ಡು ಇಸ್ಕೊಂಡರೇ ಹೊರತು ಬೋಟು ಇಲ್ಲ ಅಂತ ಒಂದು ಮಾತು ಹೇಳಲಿಲ್ಲ. ಬೆಳಿಗ್ಗೆ ಬೀಚಿಗೆ ಹೋದರೆ ಕೆಂಪು ಬಾವುಟ, ಮಣ್ಣು ಬಣ್ಣದ ಅಲೆ, ಒಂದು ನಾಯಿ. ಭಾವ ಛತ್ರಿ ಹಿಡಿದು ಬಂದು, "ಅಲ್ಲ ಮಾರಾಯಾ, ಮೀನಿನವರೇ ಬೋಟು ಕಟ್ಟಿ ಮನೆಯಲ್ಲಿ ಕೂತಿದ್ದಾರೆ, ನಿನ್ನನ್ನು ಯಾರು ಕರ್ಕೊಂಡು ಹೋಗ್ತಾರೆ?" ಅಂದರು.

ಅವರು ಹೇಳಿದ್ದು ನಿಜ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆ ಇಡುವ ಕಾಲ ಅಂತ. ನಾಡದೋಣಿಯವರು ಮಾತ್ರ ದಡದ ಹತ್ತಿರ ಬಲೆ ಹಾಕುತ್ತಾರೆ. ಆ ತಿಂಗಳುಗಳಲ್ಲಿ ಬಂದರು ನೋಡುವುದಕ್ಕೇ ಬೇರೆ ಥರ ಇರುತ್ತದೆ: ನೂರಾರು ಬೋಟುಗಳು ಒಂದಕ್ಕೊಂದು ಒರಗಿಕೊಂಡು ನಿಂತಿರುತ್ತವೆ, ದಡದಲ್ಲಿ ಬಲೆ ಹೊಲಿಯುವವರು ಕೂತಿರುತ್ತಾರೆ. ಬೋಟಿಗಾಗಿ ಅಲ್ಲದಿದ್ದರೆ ಅದೂ ನೋಡುವಂಥದ್ದೇ.

ದಾರಿ ಯಾವುದು, ಎಷ್ಟು ಹೊತ್ತು?

ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರು, ಮಾಣಿ, ಬಿ.ಸಿ. ರೋಡ್, ಮಂಗಳೂರು. ಇಷ್ಟು ಸುಮಾರು 140 ಕಿ.ಮೀ. ಮಂಗಳೂರಲ್ಲಿ ನಂತೂರು ಸರ್ಕಲ್‌ನಿಂದ ಬಲಕ್ಕೆ, ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು, ಕಟಪಾಡಿ ದಾಟಿದರೆ ಉಡುಪಿ. ಅದು ಇನ್ನೊಂದು 55-60 ಕಿ.ಮೀ. ಉಡುಪಿಯ ಕರಾವಳಿ ಜಂಕ್ಷನ್‌ನಲ್ಲಿ ಎಡಕ್ಕೆ ತಿರುಗಿದರೆ ನೇರ ಮಲ್ಪೆ. ಒಟ್ಟು ಐದು ಗಂಟೆ ಅಂತ ಇಟ್ಟುಕೊಳ್ಳಿ. ಸುಳ್ಯದಲ್ಲಿ ಬನ್ಸ್ ತಿನ್ನಲು ನಿಂತರೆ ಐದೂವರೆ.

ಮಳೆ ಜಾಸ್ತಿ ಇದ್ದಾಗ ಘಾಟಿ ರಸ್ತೆ ಹೇಗಿದೆ ಅಂತ ಕೇಳಿಕೊಂಡೇ ಹೊರಡಿ. 2018ರ ಆಗಸ್ಟ್‌ನಲ್ಲಿ ಮದೆನಾಡು, ಜೋಡುಪಾಲ ಕಡೆ ಗುಡ್ಡ ಜಾರಿ ಈ ರಸ್ತೆಯೇ ಕಡಿದುಹೋಗಿತ್ತು. ನಮ್ಮವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಸೋಮವಾರಪೇಟೆಯವರು ಸಕಲೇಶಪುರಕ್ಕೆ ಹೋಗಿ ಶಿರಾಡಿ ಘಾಟಿ ಇಳಿಯಬಹುದು. ವಿರಾಜಪೇಟೆ, ಗೋಣಿಕೊಪ್ಪದವರು ಸುಮ್ನೆ ಸಮುದ್ರ ನೋಡಬೇಕು ಅಷ್ಟೇ ಅಂದರೆ ಮಲ್ಪೆತನಕ ಬರುವುದೇ ಬೇಡ. ಮಾಕುಟ್ಟ ಘಾಟಿ ಇಳಿದರೆ ಕಣ್ಣೂರು, ತಲಶ್ಶೇರಿ ತುಂಬಾ ಹತ್ತಿರ. ಆದರೆ ಈ ಕಲ್ಲು ಅಲ್ಲಿ ಇಲ್ಲ. ಯಾವ ಕಲ್ಲು ಅಂತ ಮುಂದೆ ಹೇಳುತ್ತೇನೆ.

ಕಾರಿಲ್ಲ. ಬಸ್ಸು, ರೈಲು?

ಮಡಿಕೇರಿಯಿಂದ ಮಂಗಳೂರಿಗೆ ಕೆಎಸ್‌ಆರ್‌ಟಿಸಿ ಇದೆ. ಮಂಗಳೂರಿಂದ ಉಡುಪಿಗೆ ಖಾಸಗಿ ಎಕ್ಸ್‌ಪ್ರೆಸ್ ಬಸ್ಸುಗಳು ಒಂದರ ಹಿಂದೆ ಒಂದು. ಹತ್ತುವ ಮೊದಲೇ ಬಸ್ಸು ಹೊರಟಿರುತ್ತದೆ, ಹುಷಾರು. ಉಡುಪಿಯಿಂದ ಮಲ್ಪೆಗೆ ಸಿಟಿ ಬಸ್ಸು.

ರೈಲು ಅಂತ ನಮ್ಮ ಜಿಲ್ಲೆಯವರು ಕೇಳುವುದೇ ಒಂದು ಆಸೆ. ಕೊಡಗಿನಲ್ಲಿ ಹಳಿಯೇ ಇಲ್ಲ. ಮಕ್ಕಳಿಗೆ ರೈಲು ತೋರಿಸಬೇಕು ಅಂದರೆ ಮಂಗಳೂರಿಂದ ಉಡುಪಿಗೆ ಕೊಂಕಣ ರೈಲಿನಲ್ಲಿ ಹೋಗಿ. ಸ್ಟೇಷನ್ ಇಂದ್ರಾಳಿಯಲ್ಲಿದೆ, ಅಲ್ಲಿಂದ ಆಟೋ.

ಒಂದೇ ದಿನದಲ್ಲಿ ಹೋಗಿ ಬರಬಹುದಾ?

ಬರಬಹುದು. ಹತ್ತು ಗಂಟೆ ಕಾರಲ್ಲಿ ಕೂತು, ಒಂದು ಗಂಟೆ ದ್ವೀಪದಲ್ಲಿ ನಿಂತು, ವಾಪಸ್ ಬರುವಾಗ ಸಂಪಾಜೆ ತಿರುವುಗಳಲ್ಲಿ ತೂಕಡಿಸಿಕೊಂಡು. ಬೇಡ. ಒಂದು ರಾತ್ರಿ ಉಳಿಯಿರಿ. ಮಲ್ಪೆಯಲ್ಲೇ ಉಳಿದರೆ ಬೆಳಿಗ್ಗೆ ಬಂದರು ನೋಡಬಹುದು.

ಬೋಟು ಹತ್ತುವುದು ಎಲ್ಲಿ? ಟಿಕೆಟ್ ಎಷ್ಟು?

ದೊಡ್ಡ ಬೋಟು ಬಂದರಿನ ಜೆಟ್ಟಿಯಿಂದ. ಸಣ್ಣ ಸ್ಪೀಡ್ ಬೋಟು ಬೀಚಿನಿಂದ. ದೊಡ್ಡದರಲ್ಲಿ ಅರ್ಧ ಗಂಟೆಯ ಹತ್ತಿರ ಹಿಡಿಯುತ್ತದೆ, ಹಾಡೂ ಇರುತ್ತದೆ, ಕೆಲವರು ಕುಣಿಯುತ್ತಾರೆ. ಸ್ಪೀಡ್ ಬೋಟು ಬೇಗ ಹೋಗುತ್ತದೆ, ಬೆನ್ನು ಹೇಳಿದ ಮಾತು ಕೇಳಲ್ಲ. ಟಿಕೆಟ್ ದರ ವರ್ಷ ವರ್ಷ ಬದಲಾಗುತ್ತದೆ, ಕೌಂಟರ್‌ನಲ್ಲಿ ಬೋರ್ಡು ಇರುತ್ತದೆ, ನೋಡಿ ಕೊಡಿ. ಹೋಗಿ ಬರುವುದಕ್ಕೆ ಸೇರಿಸಿ ಒಂದೇ ಟಿಕೆಟ್. ಕಳೆದುಕೊಳ್ಳಬೇಡಿ.

ಬೆಳಿಗ್ಗೆ 9ರ ಹೊತ್ತಿಗೆ ಮೊದಲ ಬೋಟು. ಅದಕ್ಕೇ ಹೋಗಿ. ಮಧ್ಯಾಹ್ನದ ಮೇಲೆ ಸಮುದ್ರದ ಗಾಳಿ ಏಳುತ್ತದೆ, ಅಲೆ ಎತ್ತರವಾಗುತ್ತದೆ. ಬೆಳಗಿನ ನೀರು ಮಾತ್ರ ಎಣ್ಣೆ ಹಚ್ಚಿದ ಹಾಗೆ ನುಣ್ಣಗಿರುತ್ತದೆ. ಮತ್ತೆ, ವಾರದ ನಡುವೆ ಹೋದರೆ ಜನ ತುಂಬುವ ತನಕ ಬೋಟು ಕಾಯುತ್ತದೆ. ಗಡಿಬಿಡಿ ಮಾಡಿ ಪ್ರಯೋಜನ ಇಲ್ಲ. ಬೋಟಿನವರಿಗೆ ಡೀಸೆಲ್ ಲೆಕ್ಕ ಇದೆ.

ಅಮ್ಮನಿಗೆ ಮಂಡಿ ನೋವು. ಕರೆದುಕೊಂಡು ಹೋಗಬಹುದಾ?

ಯೋಚಿಸಿ. ದ್ವೀಪದ ಹತ್ತಿರ ನೀರು ಕಡಿಮೆ, ಕಲ್ಲು ಜಾಸ್ತಿ. ದೊಡ್ಡ ಬೋಟು ಪೂರ್ತಿ ದಡದವರೆಗೆ ಹೋಗಲ್ಲ. ನಾನು ಹೋದಾಗಲೆಲ್ಲ ಅಲ್ಲಾಡುವ ದೊಡ್ಡ ಬೋಟಿನಿಂದ ಅಲ್ಲಾಡುವ ಸಣ್ಣ ಬೋಟಿಗೆ ದಾಟಿ, ಕೊನೆಗೆ ಮೊಣಕಾಲು ನೀರಲ್ಲಿ ಇಳಿದು ನಡೆದಿದ್ದೇನೆ. ಬೋಟಿನ ಹುಡುಗರು ಕೈ ಹಿಡಿಯುತ್ತಾರೆ. "ಅಮ್ಮ, ನೀವು ಕೈ ಬಿಡಿ, ನಾನು ಹಿಡೀತೇನೆ" ಅನ್ನುತ್ತಾ ನನ್ನ ಅತ್ತೆಯನ್ನು ಅಕ್ಕಿ ಮೂಟೆ ಥರ ಎತ್ತಿ ಇಳಿಸಿಬಿಟ್ಟರು. ಅತ್ತೆ ಆ ಕಥೆಯನ್ನು ಈಗಲೂ ಮದುವೆ ಮನೆಗಳಲ್ಲಿ ಹೇಳುತ್ತಾರೆ. ಆದರೆ ಎಲ್ಲರಿಗೂ ಅದು ತಮಾಷೆ ಅನಿಸಬೇಕು ಅಂತೇನಿಲ್ಲ.

ಆಗದವರು ಬೀಚಿನಲ್ಲೇ ಕೂರಲಿ. ಮಲ್ಪೆ ಬೀಚು ಚಪ್ಪಟೆ, ಉದ್ದ, ಕೂರಲು ಜಾಗ ಇದೆ, ಕಡಲಿನ ಪಕ್ಕದಲ್ಲೇ ನಡೆಯುವ ಸೀ ವಾಕ್ ಇದೆ. ಅಲ್ಲಿಂದ ದ್ವೀಪ ಕಾಣಿಸುತ್ತದೆ.

ಬೋಟಿನಲ್ಲಿ ವಾಂತಿ ಬರುತ್ತದಾ?

ಘಾಟಿ ರಸ್ತೆಯಲ್ಲಿ ಬೆಳೆದವರಿಗೆ ಬರಲಿಕ್ಕಿಲ್ಲ ಅಂದುಕೊಂಡಿದ್ದೆ. ತಿರುವಿಗೂ ಅಲೆಗೂ ಸಂಬಂಧ ಇಲ್ಲವಂತೆ. ಹೊಟ್ಟೆ ಬಿರಿಯ ತಿಂದು ಹತ್ತಬೇಡಿ, ದೂರದ ಗೆರೆ ನೋಡುತ್ತಾ ಇರಿ, ಮೊಬೈಲ್ ನೋಡಬೇಡಿ.

ಅಷ್ಟು ದೂರ ಹೋಗಿ ನೋಡುವುದಕ್ಕೆ ಏನಿದೆ ಅಲ್ಲಿ?

ಕಲ್ಲು. ನಗಬೇಡಿ.

ತೆಂಗಿನ ಮರ ಇದೆ, ನೀಲಿ ನೀರಿದೆ, ಮರಳಿಗಿಂತ ಜಾಸ್ತಿ ಚಿಪ್ಪೇ ತುಂಬಿದ ದಡ ಇದೆ, ಕಾಲಿಟ್ಟರೆ ಹಪ್ಪಳ ಮುರಿದಂತೆ ಸದ್ದು. ಆದರೆ ಅದೆಲ್ಲ ಬೇರೆ ಕಡೆಯೂ ಸಿಗುತ್ತದೆ. ಈ ಕಲ್ಲು ಸಿಗಲ್ಲ. ಕಪ್ಪು ಕಂಬಗಳು, ನೂರಾರು, ಒಂದಕ್ಕೊಂದು ಅಂಟಿಕೊಂಡು ನೆಟ್ಟಗೆ ನಿಂತಿವೆ. ಮೇಲಿಂದ ನೋಡಿದರೆ ಪ್ರತಿಯೊಂದಕ್ಕೂ ಐದೋ ಆರೋ ಏಳೋ ಮೂಲೆ. ದೊಡ್ಡ ಜೇನುಹುಟ್ಟನ್ನು ಕಲ್ಲು ಮಾಡಿ ನಿಲ್ಲಿಸಿದ ಹಾಗೆ. ಯಾರೋ ಕಡಿದು ಜೋಡಿಸಿದ್ದು ಅಂತಲೇ ನನ್ನ ಮಗಳು ವಾದ ಮಾಡಿದಳು.

ಯಾರೂ ಕಡಿದಿಲ್ಲ. ನಮ್ಮ ಗದ್ದೆಯನ್ನು ನೆನಪಿಸಿಕೊಳ್ಳಿ. ನೀರು ಬತ್ತಿದ ಕೆಸರು ಒಣಗುತ್ತಾ ಕುಗ್ಗಿ, ಬಿರುಕು ಬಿಟ್ಟು, ಮೂಲೆ ಮೂಲೆಯ ಹೆಂಟೆಗಳಾಗುತ್ತದಲ್ಲ? ಇಲ್ಲಿ ಕೆಸರಿನ ಬದಲು ಲಾವಾ. ಕುದಿಯುವ ಲಾವಾ ಹರಿದು ನಿಂತು, ನಿಧಾನವಾಗಿ ತಣ್ಣಗಾಗುತ್ತಾ ಕುಗ್ಗಿತು. ಬಿರುಕು ಮೇಲೆ ಶುರುವಾಗಿ ಕೆಳಗಿನವರೆಗೆ ಇಳಿಯಿತು. ಬಿರುಕುಗಳ ನಡುವೆ ಉಳಿದದ್ದೇ ಈ ಕಂಬಗಳು. ಎಲ್ಲರೂ ಬಸಾಲ್ಟ್ ಅನ್ನುತ್ತಾರೆ. ಭೂವಿಜ್ಞಾನಿಗಳು ಇದನ್ನು ರಯೋಲೈಟ್, ಡೇಸೈಟ್ ಜಾತಿಗೆ ಸೇರಿಸುತ್ತಾರೆ.

ಕಾಲ ಕೇಳಿದರೆ ತಲೆ ತಿರುಗುತ್ತದೆ: ಸುಮಾರು 8.8 ಕೋಟಿ ವರ್ಷ. ಆಗ ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡಿತ್ತು. ಎರಡೂ ಬೇರೆಯಾಗುವ ಹೊತ್ತಿನಲ್ಲಿ ನೆಲ ಸೀಳಿ ಬಂದ ಲಾವಾ ಇದು. ಉತ್ತರ ಕರ್ನಾಟಕದಿಂದ ಮಹಾರಾಷ್ಟ್ರದವರೆಗೆ ಹಾಸಿಕೊಂಡಿರುವ ದಖ್ಖನ್ ಕಪ್ಪುಕಲ್ಲಿಗೆ ಸುಮಾರು 6.6 ಕೋಟಿ ವರ್ಷ. ಅಂದರೆ ಈ ದ್ವೀಪ ಅದಕ್ಕಿಂತ ಹಿರಿಯ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ. ಕರ್ನಾಟಕದಲ್ಲಿ ಅಂಥವು ಇನ್ನು ಮೂರು ಇವೆ. ಅದರಲ್ಲಿ ಒಂದು ಬೆಂಗಳೂರಿನ ಲಾಲ್‌ಬಾಗ್ ಬಂಡೆ. ಅದರ ಮೇಲೆ ಕೂತು ಕಡಲೆಕಾಯಿ ತಿಂದವರು ನಮ್ಮಲ್ಲಿ ಎಷ್ಟು ಜನ ಇಲ್ಲ?

ಒಂದು ಕೆಲಸ ಮಾಡಿ. ಗಿಡ್ಡ ಕಂಬವೊಂದನ್ನು ಹುಡುಕಿ, ತಲೆಯ ಮೇಲೆ ಅಂಗೈ ಇಟ್ಟು, ಅಂಚಿನ ಸುತ್ತ ಬೆರಳು ಓಡಿಸಿ ಮೂಲೆ ಎಣಿಸಿ. ಬಿಸಿಲಿಗೆ ಕಾದು ಬೆಚ್ಚಗಿರುತ್ತದೆ. ಪಕ್ಕದ ಸಂದಿಯಲ್ಲಿ ನೀರು ನಿಂತಿರುತ್ತದೆ, ಅದರಲ್ಲಿ ಉಗುರಿನಷ್ಟು ದೊಡ್ಡ ಏಡಿ ಇರುತ್ತದೆ. ಮಗಳು ಒಂದು ಕಂಬಕ್ಕೆ ಏಳು ಮೂಲೆ ಅಂದಳು, ನಾನು ಆರು ಅಂದೆ. ಮೂರು ಸಲ ಎಣಿಸಿದೆವು. ಅವಳೇ ಸರಿ.

ವಾಸ್ಕೋ ಡ ಗಾಮ ಅಲ್ಲಿಗೆ ಬಂದಿದ್ದನಂತೆ?

ಹಾಗೆ ಹೇಳುತ್ತಾರೆ. 1498ರಲ್ಲಿ ಅವನು ಇಲ್ಲಿ ಇಳಿದು, ಮೇರಿಯ ಹೆಸರಲ್ಲಿ ಒಂದು ಶಿಲುಬೆ ನೆಟ್ಟ, ಅದರಿಂದ ಈ ಹೆಸರು ಅನ್ನುವುದು ಪ್ರತೀತಿ. ಅವನು ಅದೇ ವರ್ಷ ಕಲ್ಲಿಕೋಟೆಯ ಕಡೆ ಬಂದದ್ದು ಎಲ್ಲರಿಗೂ ಗೊತ್ತಿರುವ ಚರಿತ್ರೆ. ದ್ವೀಪದಲ್ಲಿ ಆ ಶಿಲುಬೆ ಹುಡುಕಬೇಡಿ. ಪಕ್ಕದ ದರಿಯಾ ಬಹಾದೂರ್‌ಗಡದಲ್ಲಿ ಬಿದನೂರಿನ ಬಸಪ್ಪ ನಾಯಕ ಕಟ್ಟಿಸಿದ ಕೋಟೆ ಇತ್ತು.

ಈಜಬಹುದಾ?

ದ್ವೀಪದಲ್ಲಿ ಬೇಡ. ಇದನ್ನು ತಮಾಷೆಯಾಗಿ ಹೇಳುತ್ತಿಲ್ಲ. ಹೊಳೆಯಲ್ಲಿ ಈಜು ಕಲಿತ ನಮ್ಮವರಿಗೆ ಒಂದು ಧೈರ್ಯ ಇರುತ್ತದೆ. ಹೊಳೆಯ ನೀರು ಒಂದೇ ದಿಕ್ಕಿಗೆ ಎಳೆಯುತ್ತದೆ, ಅಡ್ಡ ಈಜಿದರೆ ದಡ ಸಿಗುತ್ತದೆ. ಇಲ್ಲಿ ಅಲೆ ಬಂದು ಬಂಡೆಗೆ ಬಡಿಯುತ್ತದೆ, ವಾಪಸ್ ಹೋಗುವಾಗ ಕಾಲು ಎಳೆಯುತ್ತದೆ. ಕಂಬಗಳ ಬುಡದಲ್ಲಿ ಪಾಚಿ, ಅದರ ಕೆಳಗೆ ಬ್ಲೇಡಿನಂಥ ಚಿಪ್ಪು. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ವಿದ್ಯಾರ್ಥಿಗಳು ಇಲ್ಲೇ ನೀರುಪಾಲಾದರು. ಕಾವಲಿನವರು ಸೀಟಿ ಊದಿದರೆ ಇಳಿದು ಬನ್ನಿ. ಅವರ ಜೊತೆ ವಾದ ಮಾಡುವ ನಮ್ಮೂರ ಗಂಡಸರನ್ನು ನೋಡಿ ನನಗೆ ನಾಚಿಕೆ ಆಗಿದೆ.

ನೀರಾಟ ಆಡಲೇಬೇಕು ಅಂದರೆ ಮಲ್ಪೆ ಬೀಚಿಗೆ ಬನ್ನಿ. ನೆಲ ನಿಧಾನಕ್ಕೆ ಇಳಿಯುತ್ತದೆ. ಬಾವುಟ ಹಾಕಿದ ಜಾಗದೊಳಗೆ, ಸೊಂಟದ ನೀರಿನ ತನಕ ಮಾತ್ರ.

ದ್ವೀಪದಲ್ಲಿ ಉಳಿಯಬಹುದಾ?

ಇಲ್ಲ. ಸಂಜೆ ಆಗುವ ಮೊದಲು ಎಲ್ಲರನ್ನೂ ವಾಪಸ್ ಕಳಿಸುತ್ತಾರೆ.

ಮನೆಯಿಂದ ಕಟ್ಟಿಕೊಂಡು ಹೋದ ಊಟ ಅಲ್ಲಿ ತಿನ್ನಬಹುದಾ?

ಕಡಂಬುಟ್ಟು, ಕೋಳಿ ಸಾರು ಡಬ್ಬಿ ಸಮೇತ ಹೊರಡುವವರು ನಾವು, ನನಗೆ ಗೊತ್ತು. ದಾರಿಯಲ್ಲೇ ಖಾಲಿ ಮಾಡಿ. ದ್ವೀಪಕ್ಕೆ ಮದ್ಯವನ್ನೂ ಪ್ಲಾಸ್ಟಿಕ್ಕನ್ನೂ ಒಯ್ಯುವಂತಿಲ್ಲ, ಚೀಲ ನೋಡಿಯೇ ಬಿಡುತ್ತಾರೆ. ಸ್ಟೀಲ್ ಬಾಟಲಿಯಲ್ಲಿ ನೀರು, ಟೋಪಿ, ಕೊಡೆ ಸಾಕು. ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವುದು ಹಾಕಿ. ನನ್ನ ಎಡಗಾಲಿನ ಹವಾಯಿ ಈಗ ಅರಬ್ಬೀ ಸಮುದ್ರದಲ್ಲಿದೆ. ಚಿಪ್ಪು ಆರಿಸಿ ಜೇಬಿಗೆ ಹಾಕಿಕೊಳ್ಳುವುದೂ ಬೇಡ. ಆ ದಡ ಇರುವುದೇ ಚಿಪ್ಪಿನಿಂದ.

ದ್ವೀಪ ಆಯಿತು. ಇನ್ನು ಮಲ್ಪೆಯಲ್ಲಿ ಏನು ಮಾಡುವುದು?

ಇದನ್ನು ಕೇಳುವವರು ಕಡಿಮೆ. ನಾನೇ ಸೇರಿಸಿಕೊಂಡಿದ್ದೇನೆ.

ಬೆಳಿಗ್ಗೆ ಐದೂವರೆಗೆ ಬಂದರಿಗೆ ಹೋಗಿ. ಹಳೆ ಬಟ್ಟೆ, ಹಳೆ ಚಪ್ಪಲಿ. ನನ್ನನ್ನು ಮೊದಲ ಸಲ ಭಾವ ಕರೆದುಕೊಂಡು ಹೋದಾಗ ಇನ್ನೂ ಕತ್ತಲೆ. ಡೀಸೆಲ್, ಉಪ್ಪು, ಮೀನು ಸೇರಿದ ವಾಸನೆ ಮೂಗಿಗೆ ಹೊಡೆಯಿತು. ರಾತ್ರಿಯೆಲ್ಲ ಸಮುದ್ರದಲ್ಲಿದ್ದ ಬೋಟುಗಳು ಒಂದೊಂದೇ ಒಳಗೆ ಬರುತ್ತಿದ್ದವು. ಕೆಲವು ಬೋಟುಗಳು ಹತ್ತು ಹನ್ನೆರಡು ದಿನ ಆಳ ಸಮುದ್ರದಲ್ಲಿದ್ದು ಬರುವಂಥವು. ಐಸು ಪುಡಿ ಮಾಡುವ ಯಂತ್ರದ ಗರಗರ. ಬುಟ್ಟಿ ಬುಟ್ಟಿ ಬಂಗುಡೆ ನೆಲಕ್ಕೆ ಸುರಿದರೆ, ಸುತ್ತ ನಿಂತ ಹೆಂಗಸರು ತುಳುವಿನಲ್ಲಿ ಹರಾಜು ಕೂಗುತ್ತಿದ್ದರು. ನಮ್ಮಲ್ಲಿ ಕರಿಮೆಣಸಿನ ವ್ಯಾಪಾರಿ ಒಂದು ಗಂಟೆ ಚೌಕಾಸಿ ಮಾಡುವುದನ್ನು ಇವರು ಅರ್ಧ ನಿಮಿಷದಲ್ಲಿ ಮುಗಿಸುತ್ತಾರೆ. ಕೂಗು ನಿಲ್ಲುವಷ್ಟರಲ್ಲಿ ಬುಟ್ಟಿ ಟೆಂಪೋ ಹತ್ತಿರುತ್ತದೆ. ಮೇಲೆ ಹದ್ದುಗಳು, ಕೆಳಗೆ ಕೊಕ್ಕರೆಗಳು, ಅವಕ್ಕೂ ಅವುಗಳ ಪಾಲು.

ದಾರಿಗೆ ಅಡ್ಡ ನಿಂತು ಫೋಟೋ ತೆಗೆಯುತ್ತಿದ್ದೆ. ಒಬ್ಬ ಅಜ್ಜಿ ಮೊಣಕೈಯಲ್ಲಿ ಸರಿಸಿ, "ಎಲ್ಲಿಂದ ಬಂದದ್ದು ನೀವು?" ಅಂದರು. ಮಡಿಕೇರಿ ಅಂದೆ. "ಅಲ್ಲಿ ಬಾರೀ ಚಳಿ ಅಲ್ವಾ? ನೀವು ಮೀನು ತಿನ್ನುವುದುಂಟಾ?" ಅಂದರು. ಉಂಟು ಅಂದದ್ದಕ್ಕೆ, "ಹಾಗಾದರೆ ನಿಂತು ನೋಡುವುದೇನು, ತೆಗೊಳ್ಳಿ" ಅಂದು ಬುಟ್ಟಿ ಎಳೆದರು. ಮಲ್ಪೆಯ ಮೊಗವೀರ ಹೆಂಗಸರ ಮುಂದೆ ಚೌಕಾಸಿ ಮಾಡುವ ಆಸೆ ಇಟ್ಟುಕೊಳ್ಳಬೇಡಿ.

ಈ ಬಂದರು ನೋಡುವವರಿಗೆ ಚಂದ, ಇಲ್ಲಿಂದ ಹೊರಡುವವರಿಗೆ ಹಾಗಲ್ಲ. 2018ರ ಡಿಸೆಂಬರ್‌ನಲ್ಲಿ ಇಲ್ಲಿಂದ ಹೋದ ಸುವರ್ಣ ತ್ರಿಭುಜ ಅನ್ನುವ ಬೋಟು ಏಳು ಮೀನುಗಾರರ ಜೊತೆ ಕಾಣೆಯಾಯಿತು. ಅದರ ಅವಶೇಷ ಸಿಕ್ಕಿದ್ದು ಮರುವರ್ಷ, ಮಹಾರಾಷ್ಟ್ರದ ಕಡೆ ಸಮುದ್ರದ ತಳದಲ್ಲಿ. ಬೋಟಿನ ಮೂತಿಗೆ ಹೂವಿನ ಮಾಲೆ ಹಾಕಿ ಹೊರಡುವುದನ್ನು ನೋಡುವಾಗ ನನಗೆ ಅದು ನೆನಪಾಗುತ್ತದೆ.

ಸಂಜೆಗೆ ಸಮಯ ಉಳಿದರೆ ಬರುವ ದಾರಿಯಲ್ಲೇ ಕಾಪು ದೀಪಸ್ತಂಭ ಇದೆ, 1901ರದ್ದು, ಬಂಡೆಯ ಮೇಲೆ ನಿಂತಿದೆ. ಸೂರ್ಯ ಮುಳುಗುವ ಹೊತ್ತಿಗೆ ಮೇಲೆ ಹತ್ತಿ.

ದೇವಸ್ಥಾನ?

ಮಲ್ಪೆಯಲ್ಲೇ ವಡಭಾಂಡೇಶ್ವರದ ಬಲರಾಮ ದೇವಸ್ಥಾನ. ಕಥೆ ಹೀಗಿದೆ: ಬಿರುಗಾಳಿಗೆ ಸಿಕ್ಕ ಹಡಗಿಗೆ ಮಧ್ವಾಚಾರ್ಯರು ದಡದಿಂದ ತಮ್ಮ ಬಟ್ಟೆ ಬೀಸಿ ದಾರಿ ತೋರಿದರು. ಹಡಗಿನವನು ಏನು ಬೇಕಾದರೂ ಕೇಳಿ ಅಂದ. ಅವರು ಕೇಳಿದ್ದು ಹಡಗಿನ ಭಾರಕ್ಕೆ ಇಟ್ಟಿದ್ದ ಗೋಪಿಚಂದನದ ಗಡ್ಡೆಯನ್ನು. ಅದರೊಳಗೆ ಬಲರಾಮನೂ ಕೃಷ್ಣನೂ ಸಿಕ್ಕರು. ಬಲರಾಮ ಮಲ್ಪೆಯಲ್ಲಿ ಉಳಿದ, ಕೃಷ್ಣ ಉಡುಪಿಗೆ ಹೋದ. ಎಲ್ಲರೂ ತಮ್ಮನನ್ನು ನೋಡಿ ಅಣ್ಣನನ್ನು ಮರೆಯುತ್ತಾರೆ. ಮನೆಯ ಹಿರಿಮಗನಾದ ನನಗೆ ಇದರ ಬಗ್ಗೆ ಸ್ವಲ್ಪ ಅಸಮಾಧಾನ ಇದೆ.

ಊಟಕ್ಕೆ ಏನು ಕೇಳಬೇಕು? ಮೀನಿನ ಹೆಸರೇ ಗೊತ್ತಾಗಲ್ಲ.

ನಮ್ಮಲ್ಲಿ ಮಲಯಾಳದ ಹೆಸರುಗಳು ಓಡುತ್ತವೆ, ಅಲ್ಲಿ ತುಳು. ನಮ್ಮ ಮತ್ತಿ ಅಲ್ಲಿ ಬೂತಾಯಿ. ಐಲ ಅಂದರೆ ಬಂಗುಡೆ. ಅಯಕೂರ ಅಂದರೆ ಅಂಜಲ್. ಸಿಗಡಿಗೆ ಎಟ್ಟಿ, ಚಿಪ್ಪುಮೀನಿಗೆ ಮರುವಾಯಿ. ಕಾಣೆ ಅಂತ ಒಂದಿದೆ, ಅದನ್ನು ರವೆ ಹಚ್ಚಿ ಹುರಿದದ್ದು ಕೇಳಿ, ಮುಳ್ಳಿನ ಕಾಟ ಇಲ್ಲ. ಬಂಗುಡೆ ಪುಳಿಮುಂಚಿ ಜೊತೆ ಕುಚ್ಚಲಕ್ಕಿ ಅನ್ನ. ನಮ್ಮ ಕಾಚಂಪುಳಿಯ ಹುಳಿಗೆ ಒಗ್ಗಿದ ನಾಲಿಗೆಗೆ ಅವರ ಹುಣಸೆ, ತೆಂಗಿನಕಾಯಿ ಮೊದಲು ಸ್ವಲ್ಪ ಮೆದು ಅನಿಸುತ್ತದೆ. ಎರಡನೇ ತುತ್ತಿಗೆ ಸರಿಹೋಗುತ್ತದೆ.

ಮೀನು ತಿನ್ನದವರು ಉಡುಪಿ ರಥಬೀದಿಗೆ ಹೋಗಿ. ಗೋಳಿಬಜೆ, ನೀರುದೋಸೆ, ಮಟ್ಟು ಗುಳ್ಳದ ಸಾಂಬಾರು. ಗುಳ್ಳ ಅಂದರೆ ಕಟಪಾಡಿ ಹತ್ತಿರದ ಮಟ್ಟು ಊರಿನ ಹಸಿರು ಬದನೆ, ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ, ನಮ್ಮ ಕೊಡಗಿನ ಕಿತ್ತಳೆಗೆ ಇದ್ದ ಹಾಗೆ.

ತುಳು ಬರಲ್ಲ, ಪರವಾಗಿಲ್ವಾ?

ಪರವಾಗಿಲ್ಲ, ಎಲ್ಲರಿಗೂ ಕನ್ನಡ ಬರುತ್ತದೆ. "ಏತ್?" ಅಂದರೆ ಎಷ್ಟು. "ಬೊಡ್ಚಿ" ಅಂದರೆ ಬೇಡ. ಇವೆರಡರಲ್ಲಿ ನನ್ನ ಹದಿನಾರು ವರ್ಷ ಕಳೆದಿದೆ.

ನಮ್ಮ ಕೊಡಗಿನ ನೀರು ಆ ಸಮುದ್ರಕ್ಕೆ ಹೋಗುತ್ತದಾ?

ಇದು ಮಗಳ ಪ್ರಶ್ನೆ, ಬೋಟಿನಲ್ಲಿ ಕೇಳಿದ್ದು. ಕಾವೇರಿ ಪೂರ್ವಕ್ಕೆ, ಬಂಗಾಳ ಕೊಲ್ಲಿಗೆ ಹೋಗುತ್ತದೆ ಅಂತ ಹೇಳಿ ಮುಗಿಸುವವನಿದ್ದೆ. ಆಮೇಲೆ ನೆನಪಾಯಿತು. ಘಾಟಿ ಇಳಿಯುವಾಗ ರಸ್ತೆಯ ಪಕ್ಕದಲ್ಲೇ ನಮ್ಮ ಜೊತೆ ಇಳಿಯುವ ಪಯಸ್ವಿನಿ ಇದೆಯಲ್ಲ, ಅದು ಸುಳ್ಯ ದಾಟಿ, ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯಾಗಿ ಅರಬ್ಬೀ ಸಮುದ್ರ ಸೇರುತ್ತದೆ. ದಕ್ಷಿಣ ಕೊಡಗಿನ ಬರಪೊಳೆಯೂ ಪಶ್ಚಿಮಕ್ಕೇ. ಒಂದೇ ಬೆಟ್ಟದ ಮೇಲೆ ಬಿದ್ದ ಮಳೆ, ಈ ಕಡೆ ಬಿದ್ದದ್ದು ಒಂದು ಸಮುದ್ರಕ್ಕೆ, ಆ ಕಡೆ ಬಿದ್ದದ್ದು ಇನ್ನೊಂದಕ್ಕೆ. ಮಗಳು ಕೈ ನೀರಿಗೆ ಅದ್ದಿ, "ಇದರಲ್ಲಿ ನಮ್ಮನೆ ಮಾಡಿನ ನೀರೂ ಇರಬಹುದಾ?" ಅಂದಳು. ನಮ್ಮನೆ ಮಾಡಿನ ಯಾವ ಇಳಿಜಾರಿನ ನೀರು ಯಾವ ತೋಡಿಗೆ ಹೋಗುತ್ತದೆ ಅಂತ ನಾನು ಇನ್ನೂ ನೋಡಬೇಕಾಗಿದೆ.

ವಾಪಸ್ ಬರುವಾಗ ಮೀನು ತರಬಹುದಾ?

ತರಬಹುದು, ತರಲೇಬೇಕು. ಆದರೆ ತರುವ ರೀತಿ ಇದೆ.

ಬೆಳಿಗ್ಗೆಯೇ ಕೊಂಡುಕೊಳ್ಳಿ, ಅಲ್ಲೇ ಶುಚಿ ಮಾಡಿಸಿ. ಮುಚ್ಚಳ ಬಿಗಿಯಾದ ಥರ್ಮೋಕೋಲ್ ಪೆಟ್ಟಿಗೆ ಬಂದರಿನ ಹತ್ತಿರವೇ ಸಿಗುತ್ತದೆ. ಕೆಳಗೊಂದು ಪದರ ಐಸು, ಮೀನು, ಮೇಲೊಂದು ಪದರ ಐಸು. ಮೀನಿನಷ್ಟೇ ತೂಕದ ಐಸು ಹಾಕಿಸಿ, ಕಂಜೂಸಿ ಬೇಡ. ಪೆಟ್ಟಿಗೆಯ ಸುತ್ತ ಟೇಪು, ಆಮೇಲೆ ದಪ್ಪ ಪ್ಲಾಸ್ಟಿಕ್ ಚೀಲ, ಆಮೇಲೆ ದೊಡ್ಡ ಪಾತ್ರೆ ಅಥವಾ ಟಬ್ಬಿನೊಳಗೆ. ಟಬ್ಬು ಯಾಕೆ ಅಂದರೆ, ಕರಾವಳಿಯ ಸಪಾಟು ರಸ್ತೆಯಲ್ಲಿ ಪೆಟ್ಟಿಗೆ ಸುಮ್ಮನಿರುತ್ತದೆ. ಸುಳ್ಯ ದಾಟುವ ಹೊತ್ತಿಗೆ ಅರ್ಧ ಐಸು ಕರಗಿರುತ್ತದೆ. ಸಂಪಾಜೆಯಿಂದ ಏರು ಶುರುವಾದ ಕೂಡಲೇ ಆ ನೀರೆಲ್ಲ ಹಿಂದಕ್ಕೆ, ಪ್ರತಿ ತಿರುವಿಗೂ ಎಡಕ್ಕೆ, ಬಲಕ್ಕೆ.

ನನಗೆ ಇದು ಹೇಗೆ ಗೊತ್ತು ಅಂದರೆ, ಮೂರು ಕಿಲೋ ಬಂಗುಡೆ, ಟಬ್ಬು ಇಲ್ಲ, ಡಿಕ್ಕಿಯಲ್ಲಿ ಹೆಂಡತಿಯ ಹೊಸ ಸೀರೆ ಇದ್ದ ಚೀಲ. ಕಾರನ್ನು ಮೂರು ಸಲ ತೊಳೆಸಿದೆ, ಕಾಫಿ ಪುಡಿ ಕಟ್ಟಿ ಇಟ್ಟೆ, ನಿಂಬೆಹಣ್ಣು ಇಟ್ಟೆ. ಜುಲೈ ಮಳೆಗೆ ಕಿಟಕಿ ಏರಿಸಿಕೊಂಡು ಕೂತರೆ ಇವತ್ತಿಗೂ ಮಲ್ಪೆ ಬಂದರಿನ ಬೆಳಗು ಹಿಂದಿನ ಸೀಟಿನಿಂದ ಬರುತ್ತದೆ. ಸೀರೆಯ ಬಗ್ಗೆ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ.